ಆಲೋಚನೆಯನ್ನು ಕೇಳುವವರು

ವಡ್ಡಾರಾಧನೆಯ 19 ಕಥೆಗಳ ಬೇರು ಶಿವಾರ್ಯನ ಪ್ರಾಕೃತ ಗ್ರಂಥ ಭಗವತೀ ಆರಾಧನೆಯ ಗಾಹೆಗಳಲ್ಲಿದೆ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಅದೇ ಗ್ರಂಥದಲ್ಲಿ ನಿರ್ಯಾಪಕಾಚಾರ್ಯನ ಎಂಟು ಗುಣಗಳ ಪ್ರಕರಣವೊಂದಿದೆ. ಅದರತ್ತ ನಮ್ಮ ಗಮನ ಕಡಮೆ. ಕ್ಷಪಕನು ತನ್ನ ದೋಷಗಳನ್ನು ಗುರುವಿನ ಮುಂದೆ ಬಿಚ್ಚಿಡುವುದಕ್ಕೆ ಅಲ್ಲಿ 'ಆಲೋಚನೆ' ಎಂದು ಹೆಸರು. ನಮ್ಮ 'ಆಪ್ತಸಮಾಲೋಚನೆ' ಎಂಬ ಹೊಸ ಪದದಲ್ಲಿ ಆ ಹಳೆಯ ಮಾತು ಅಡಗಿರುವುದು ಆಕಸ್ಮಿಕವೇ ಇರಬಹುದು, ಆದರೂ ನನಗೆ ಪ್ರಿಯ.

ಆ ಎಂಟರಲ್ಲಿ ಎರಡು ಗುಣಗಳು ಪರಸ್ಪರ ವಿರುದ್ಧವಾಗಿ ತೋರುತ್ತವೆ. ಅವಪೀಡಕನು ಬಚ್ಚಿಟ್ಟ ದೋಷವನ್ನು ಒತ್ತಾಯದಿಂದ ಹೊರಡಿಸುವವನು. ಅಳುವ ಮಗುವಿನ ಬಾಯಿ ತೆರೆದು ತಾಯಿ ತುಪ್ಪ ಕುಡಿಸುವ ಉಪಮೆ ಅವನಿಗೆ. ನಿರ್ವಾಪಕನು ಬೆಂದ ಮನಸ್ಸನ್ನು ತಂಪಾಗಿಸುವವನು. ಶಿವಾರ್ಯನು ಇವೆರಡನ್ನೂ ಒಬ್ಬನಲ್ಲೇ ಬಯಸುತ್ತಾನೆ.

ಇಂದಿನವರು ಹಾಗಲ್ಲ. ಫ್ರಾಯ್ಡ್ ಮತ್ತು ಆಡ್ಲರ್ ಬೇರೆ ಬೇರೆ ಸಿದ್ಧಾಂತ ಕಟ್ಟಿದ್ದೇಕೆಂದು ಕೇಳಿದ ಯೂಂಗ್, 1921ರ ತನ್ನ ಗ್ರಂಥದಲ್ಲಿ ಅದರ ಕಾರಣವನ್ನು ಅವರಿಬ್ಬರ ಸ್ವಭಾವಭೇದದಲ್ಲಿಯೇ ಕಂಡ. ದಿನಕ್ಕೆ ಎಂಟು ಗಂಟೆ ಪರರ ದಿಟ್ಟಿ ತನ್ನ ಮೇಲಿರುವುದನ್ನು ಸಹಿಸಲಾರೆನೆಂದು ಫ್ರಾಯ್ಡನೇ 1913ರಲ್ಲಿ ಬರೆದಿದ್ದಾನೆ. ರೋಗಿಯ ತಲೆಯ ಹಿಂದೆ ಕುಳಿತುಕೊಳ್ಳುವ ಅವನ ಪದ್ಧತಿಗೆ ಅದೂ ಒಂದು ಕಾರಣ. ವೈದ್ಯನ ಸಂಕೋಚವೇ ಒಂದು ಸಂಪ್ರದಾಯವಾಯಿತು!

ಎಲೆಚುಕ್ಕಿ ರೋಗ ಹೊಸನಗರದ ತೋಟಗಳನ್ನು ಸುಟ್ಟಂತೆ ಮಾಡಿದ ವರ್ಷ ನನ್ನ ಪರಿಚಿತರ ಮಗನೊಬ್ಬ ಮಾತು ಬಿಟ್ಟ. ಮೊದಲು ಕಂಡ ಸಮಾಲೋಚಕರು ಮೃದುಸ್ವಭಾವದವರು, ಕೇಳುವುದೇ ಅವರ ಮಾರ್ಗ. ಹುಡುಗನೂ ಮೌನಿ. ಮೂರು ಭೇಟಿಗಳಲ್ಲಿ ಎರಡು ಮೌನಗಳು ಎದುರುಬದುರು ಕುಳಿತು ಎದ್ದವು. ನಾಲ್ಕನೆಯ ಸಲ ಅಲ್ಲಿದ್ದವರು ಹರಿತ ಮಾತಿನ ಹಿರಿಯ ಮಹಿಳೆ. "ಸಾಲ ಎಷ್ಟಾಗಿದೆ ತಮ್ಮಾ? ಮೊದಲು ಅದು ಹೇಳು" ಎಂದರಂತೆ. ಅವನು ಹೇಳಿದ, ಹೇಳಿ ಅತ್ತ. ಆದರೆ ಸಾಗರದ ಕಡೆಯ ಒಬ್ಬ ಗೃಹಿಣಿ ಅದೇ ಮಹಿಳೆಯ ಮೊದಲ ಪ್ರಶ್ನೆಗೇ ಬೆದರಿ, ಮತ್ತೆ ಅತ್ತ ಸುಳಿಯಲಿಲ್ಲ. ಆಕೆಗೆ ಬೇಕಿದ್ದವನು ನಿರ್ವಾಪಕ.

ಅಪರಿಸ್ರಾವಿತ್ವವೆಂಬ ಇನ್ನೊಂದು ಗುಣವಿದೆ: ಕಾದ ಕಬ್ಬಿಣ ಕುಡಿದ ನೀರಿನಂತೆ, ಕೇಳಿದ್ದು ಹೊರಗೆ ಬಾರದು. ಯಾರ ಮನೆಯವರು ಯಾವ ಡಾಕ್ಟರ ಬಳಿ ಇಳಿದರೆಂದು ಬಸ್ಸಿನ ಕಂಡಕ್ಟರನಿಗೂ ತಿಳಿಯುವ ಮಲೆನಾಡಿನಲ್ಲಿ ಇದರ ಬೆಲೆಯನ್ನು ವಿವರಿಸಬೇಕಿಲ್ಲ.

ನಿಮ್ಹಾನ್ಸ್ ಸಂಸ್ಥೆಯು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತೀವ್ರ ಮನೋರೋಗಿಗಳನ್ನು ಗುರುತಿಸಿ ಚಿಕಿತ್ಸೆಯಲ್ಲಿ ಉಳಿಸಿಕೊಳ್ಳುವ ಕೆಲಸವನ್ನು ವರ್ಷಗಳ ಕಾಲ ನಡೆಸಿದೆ. ಅಲ್ಲಿ ಔಷಧಕ್ಕೆ ಪ್ರಮಾಣವುಂಟು. ಮಾತಿನ ಪ್ರಮಾಣವನ್ನು ಆಡುವವರ ಸ್ವಭಾವಕ್ಕೇ ಬಿಟ್ಟಿದ್ದೇವೆ. ತಕ್ಕ ನಿರ್ಯಾಪಕನಿಗಾಗಿ ಕ್ಷಪಕನು ನೂರಾರು ಯೋಜನ ನಡೆದು, ಹನ್ನೆರಡು ವರ್ಷವಾದರೂ ಅರಸಬೇಕೆಂದು ಶಿವಾರ್ಯನ ವಿಧಿ. ಹೊಸನಗರದ ಆ ಹುಡುಗ ಅರಸಿದವನಲ್ಲ. ಆ ಮಹಿಳೆ ಅಂದು ಅಲ್ಲಿದ್ದುದು, ಮೊದಲಿನವರು ರಜೆಯ ಮೇಲೆ ಹೋಗಿದ್ದುದರಿಂದ.