ಕೈಯಾಗಿನ ಕ್ಯಾಮೆರಾ, ಭಾಗ 3: ಯಾವ ಎತ್ತರಕ್ಕ ಹಿಡೀತೀರಿ?

ಗಜೇಂದ್ರಗಡದ ಗುಡ್ಡದ ಮ್ಯಾಲಿನ ಗಾಳಿಯಂತ್ರ, ಕಾಲಕಾಲೇಶ್ವರನ ಮೆಟ್ಟಿಲು, ನರಗುಂದದ ಗುಡ್ಡ. ನಮ್ಮ ಕಡೆ ರೀಲ್ಸ್ ಅಂದ್ರ ಇವ. ಡ್ರೋನ್ ಇದ್ದಾವಂದಂತೂ ಹವಾನ ಬ್ಯಾರೆ. ಚಂದ ಇರ್ತಾವ, ನಾನೂ ಲೈಕ್ ಒತ್ತೀನಿ. ಆದ್ರ ಅಷ್ಟು ಎತ್ತರದಿಂದ ನೋಡಿದ್ರ ಎರಿಹೊಲದಾಗ ಕಳೆ ತೆಗಿಯೋ ಹೆಣ್ಣಮಕ್ಕಳು ಬರೇ ಚುಕ್ಕಿ.

ಬೀದರ್ ಗಡಿ ದಾಟಿದ್ರ ತೆಲಂಗಾಣದ ಜಹೀರಾಬಾದ್. ಅದರ ಹತ್ತಿರನ ಪಸ್ತಾಪುರ. 1990ರ ದಶಕದ ಕೊನೆಗೆ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯವರು ದಲಿತ ರೈತ ಮಹಿಳೆಯರಿಗೆ ವಿಡಿಯೋ ಕಲಿಸಿದರು. ಎಷ್ಟೋ ಮಂದಿಗೆ ಓದು ಬರಹ ಬರ್ತಿರಲಿಲ್ಲ. ಹೈ ಆ್ಯಂಗಲ್, ಲೋ ಆ್ಯಂಗಲ್ ಅನ್ನೋದನ್ನ ಅವರು ತಮ್ಮ ಮಾತಿನಾಗ ಹೇಳಿಕೊಂಡರು. ಮ್ಯಾಲಿಂದ ಕೆಳಗ ನೋಡಿದ್ರ ‘ಪಟೇಲ ಶಾಟ್’. ಕೆಳಗಿಂದ ಮ್ಯಾಲ ನೋಡಿದ್ರ ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸಮ ಇದ್ರ ‘ಸಂಘಂ ಶಾಟ್’, ಯಾಕಂದ್ರ ಸಂಘದಾಗ ಎಲ್ಲಾರೂ ನೆಲದ ಮ್ಯಾಲ ಸಮಾ ಕೂಡ್ರತಾರ. ಯಾವ ಫಿಲ್ಮ್ ಸ್ಕೂಲಿನಾಗ ಇಷ್ಟು ಚಂದ ಹೇಳ್ತಾರ್ರಿ?

ಮೊನ್ನೆ ಓಣಿಯ ದೊಡ್ಡವ್ವನ ಮಾತು ರೆಕಾರ್ಡ್ ಮಾಡುವಾಗ ನಾನೂ ಕಟ್ಟಿ ಬಿಟ್ಟು ನೆಲಕ್ಕ ಕುಂತೆ. ಆಕಿ ಅರ್ಧಾ ತಾಸು ಹತ್ತಿ ಬಿಡಿಸೋ ಕೂಲಿ ಬಗ್ಗೆ ಹೇಳಿದ್ಲು. ಕೊನಿಗೆ “ಇದನ್ನ ಯಾರಿಗೆ ತೋರಸ್ತಿ?” ಅಂತ ಕೇಳಿದ್ಲು. ಉತ್ತರ ತಕ್ಷಣ ಹೊಳೀಲಿಲ್ಲ.

ಆ ಪ್ರಶ್ನೆಗೆ ಉತ್ತರ ಕೊಡೋ ಪದ್ಧತಿ ಒಂದೈತಿ. ‘ವಿಡಿಯೋ ವಾಲಂಟಿಯರ್ಸ್’ ಅನ್ನೋ ಸಂಸ್ಥೆ 2010ರಾಗ ‘ಇಂಡಿಯಾ ಅನ್‌ಹರ್ಡ್’ ಶುರು ಮಾಡಿತು. ಊರಿನವರಿಗೇ ತರಬೇತಿ ಕೊಟ್ಟು ವರದಿಗಾರರನ್ನ ಮಾಡೋದು. ವಿಡಿಯೋ ಕೊನೆಗೆ ಸಂಬಂಧಪಟ್ಟ ಅಧಿಕಾರಿಗೆ ಫೋನ್ ಮಾಡ್ರಿ ಅಂತ ನಂಬರ್ ಕೊಡ್ತಾರ. ಕೆಲಸ ಆದ್ರ, ಆಗೇತಿ ಅಂತ ಇನ್ನೊಂದು ವಿಡಿಯೋ. ಅಂದ್ರ ಅಪ್‌ಲೋಡ್ ಮಾಡಿದ ಮ್ಯಾಲೆ ಅಸಲಿ ಕೆಲಸ. ಬಿಕಾಂನವರಿಗೆ ಹೇಳೋದಾದ್ರ, ಅರ್ಜಿ ಅನ್ನೋದು ಎಂಟ್ರಿ, ವಿಡಿಯೋ ಅದರ ವೋಚರ್. ಬರೇ ವೋಚರ್ ಗುಡ್ಡಿ ಹಾಕಿ ಕುಂತ್ರ ಲೆಕ್ಕ ಮುಗಿಯಂಗಿಲ್ಲ.

ನಮ್ಮ ನರಗುಂದ ನೋಡ್ರಿ. 1980ರ ಜುಲೈ 21ಕ್ಕ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮ್ಯಾಲೆ ಗೋಲಿಬಾರ್ ಆತು. ಈಗ ಪ್ರತಿ ವರ್ಷ ಆ ದಿನ ಮುಖಂಡರು ಬರ್ತಾರ, ಹಾರ ಹಾಕ್ತಾರ, ಕ್ಯಾಮೆರಾ ಬರ್ತಾವ. ಜುಲೈ 22ಕ್ಕ ಇಲ್ಲಿ ಯಾರಿರ್ತಾರ? ನಾವ.

ಹಂಗಂತ ನಾಳೆನ ಫೋನ್ ಹಿಡಕೊಂಡು ಓಡಬ್ಯಾಡ್ರಿ. ಕೊಡ ಹಿಡಿದು ಪಾಳಿ ನಿಂತ ಅಕ್ಕನ ಮುಖ ಝೂಮ್ ಮಾಡಿ, ಅಳೋ ಮ್ಯೂಸಿಕ್ ಹಾಕಿದ್ರ ವ್ಯೂಸ್ ಬರ್ತಾವ ಖರೆ. ಮರುದಿನ ಅದ ಪಾಳ್ಯಾಗ, ಅದ ಮಂದಿ ನಡುವ ನಿಲ್ಲೋದು ಆಕಿ, ನಾವಲ್ಲ. ಮೊದಲು ಕೇಳ್ರಿ. ತೆಗೆದ ಮ್ಯಾಲೆ ಆಕಿಗೇ ತೋರಿಸ್ರಿ. ಬ್ಯಾಡ ಅಂದ್ರ ಆಕಿ ಮುಂದನ ಡಿಲೀಟ್ ಮಾಡ್ರಿ. ಮುಖ ಇಲ್ಲದನೂ ಖಾಲಿ ನಳ, ಸಾಲು ಕೊಡ, ತಾರೀಖು ಎಲ್ಲಾ ತೋರಿಸಬಹುದು.

ರೋಣ, ನರಗುಂದ, ಗಜೇಂದ್ರಗಡ, ಮೂರೂ ಕಡಿಯಿಂದ ನಾಲ್ಕು ನಾಲ್ಕು ಮಂದಿ ಸಿಕ್ಕರೂ ಸಾಕು, ಕೂಡಿ ಕಲಿಯೋಣು. ಹುಡುಗ್ಯಾರು ಅರ್ಧಕ್ಕಿಂತ ಕಡಿಮಿ ಇರಬಾರದು, ಇದು ನನ್ನ ಶರತ್ತು. ಬರೋರು ಕಮೆಂಟ್‌ನಾಗ ಊರಿನ ಹೆಸರು ಹಾಕ್ರಿ. ದೊಡ್ಡವ್ವನ ವಿಡಿಯೋ ಇಲ್ಲಿ ಹಾಕಿಲ್ಲ, ಆಕಿ ಇನ್ನೂ ಹೂಂ ಅಂದಿಲ್ಲ. ಭಾಗ 4ರಾಗ ಪಂಚಾಯ್ತಿಗೆ ಅರ್ಜಿ ಬರಿಯೋದು, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳೋದು.