ಗಾರ್ನಿಯೇ ಅರಮನೆಯಲ್ಲಿ ಎರಡು ಸಂಜೆ

ಪ್ಯಾರಿಸ್ಸಿಗೆ ಹೋದವರು ಐಫೆಲ್ ಗೋಪುರ ಹತ್ತದೆ ಬಂದರೆ ಊರಿನಲ್ಲಿ ನೆಂಟರಿಷ್ಟರು ಸುಮ್ಮನೆ ಬಿಡುವುದಿಲ್ಲ. ನಾನು ಎರಡು ಸಲ ಹೋಗಿ ಬಂದೆ, ಎರಡು ಸಲವೂ ಹತ್ತಲಿಲ್ಲ. ಗೋಪುರಕ್ಕೆಂದು ಇಟ್ಟುಕೊಂಡಿದ್ದ ಸಂಜೆಗಳೆಲ್ಲ ಇನ್ನೊಂದು ಕಟ್ಟಡದ ಪಾಲಾದವು. ಒಪೆರಾ ಎಂಬ ಮೆಟ್ರೊ ನಿಲ್ದಾಣದಲ್ಲಿಳಿದು ಮೆಟ್ಟಿಲು ಹತ್ತಿ ಬೀದಿಗೆ ಬಂದೊಡನೆ ಎದುರಿಗೇ ಅದು ನಿಂತಿರುತ್ತದೆ. ಹಸಿರು ಗುಮ್ಮಟ, ನೆತ್ತಿಯ ಮೇಲೆ ಚಿನ್ನದ ಬಣ್ಣದ ಪ್ರತಿಮೆಗಳು, ಸಾಲು ಕಂಬಗಳು. ಹೆಸರು ಪಲೇ ಗಾರ್ನಿಯೇ. ಶಾರ್ಲ್ ಗಾರ್ನಿಯೇ ಎಂಬ ವಾಸ್ತುಶಿಲ್ಪಿ ಕಟ್ಟಿದ ಈ ರಂಗಮಂದಿರ ಬಾಗಿಲು ತೆರೆದದ್ದು 1875ರಲ್ಲಿ. ಪ್ಯಾರಿಸ್ ಒಪೆರಾದ ಬ್ಯಾಲೆ ತಂಡದ ಮನೆ ಇದು.

ಬ್ಯಾಲೆಯ ಹುಚ್ಚು ನನಗೆ ಹಿಡಿದದ್ದು ಕಪ್ಪು ಬಿಳುಪು ದೂರದರ್ಶನದ ಕಾಲದಲ್ಲಿ. ಒಂದು ರಾತ್ರಿ ರಷ್ಯನ್ ತಂಡವೊಂದರ ‘ಸ್ವಾನ್ ಲೇಕ್’ನ ತುಣುಕು ತೋರಿಸಿದರು. ಬೆರಳ ತುದಿಯ ಮೇಲೆ ನಿಂತ ಆ ಹಂಸಗಳನ್ನು ಕಂಡ ಮೇಲೆ ಸಿಕ್ಕಿದ ಪುಸ್ತಕ, ಸಿಕ್ಕಿದ ಕ್ಯಾಸೆಟ್ ಯಾವುದನ್ನೂ ಬಿಟ್ಟವಳಲ್ಲ. ಆದ್ದರಿಂದ 2017ರ ನವೆಂಬರಿನಲ್ಲಿ ತಮ್ಮನ ಮನೆಗೆಂದು ಪ್ಯಾರಿಸ್ಸಿಗೆ ಹೊರಟಾಗ ನಾನು ಕೇಳಿದ್ದು ಒಂದೇ: “ಗಾರ್ನಿಯೇಯಲ್ಲಿ ಒಂದು ಬ್ಯಾಲೆಗೆ ಟಿಕೆಟ್ ಮಾಡಿಸು.” ಜೊತೆಯಲ್ಲಿ ಒಂಬತ್ತನೆಯ ತರಗತಿಯ ಮಗಳಿದ್ದಳು. ಏಳನೆಯ ವಯಸ್ಸಿನಿಂದ ಭರತನಾಟ್ಯ ಕಲಿಯುತ್ತಿದ್ದ ಅವಳು ಆ ವರ್ಷವಷ್ಟೇ ಜೂನಿಯರ್ ಪರೀಕ್ಷೆ ಮುಗಿಸಿದ್ದಳು. ಮುಗಿಸಿದ ವಾರವೇ, “ಅಮ್ಮ, ನಾನು ಇನ್ನು ಕಂಟೆಂಪೊರರಿ ಕಲಿಯುತ್ತೇನೆ” ಎಂದು ಹಟ ಹಿಡಿದಿದ್ದಳು. ಮನೆಯಲ್ಲಿ ಎರಡು ತಿಂಗಳಿಂದ ಇದೇ ಜಗಳ. ನಿಜವಾದ ಶಾಸ್ತ್ರೀಯ ನೃತ್ಯ ಹೇಗಿರುತ್ತದೆಂದು ಅವಳಿಗೆ ತೋರಿಸಿಬಿಡಬೇಕೆಂಬ ಆಸೆಯೂ ನನಗಿತ್ತು.

ಮಸಿ ಎರಚಿಸಿಕೊಂಡ ಶಿಲ್ಪ

ಮುಂಭಾಗದ ಬಲಬದಿಯಲ್ಲಿ ಒಂದು ಶಿಲ್ಪವಿದೆ. ಕಾರ್ಪೋ ಎಂಬ ಶಿಲ್ಪಿಯ ‘ನೃತ್ಯ’. ನಡುವೆ ಕೈಯೆತ್ತಿ ನಿಂತ ತರುಣ, ಸುತ್ತ ನಗುನಗುತ್ತಾ ಕುಣಿಯುವ ಬೆತ್ತಲೆ ಹೆಂಗಸರು. 1869ರಲ್ಲಿ ಇದನ್ನು ತೆರೆದಿಟ್ಟಾಗ ಪ್ಯಾರಿಸ್ ಸಿಟ್ಟಿಗೆದ್ದಿತ್ತು. ಯಾರೋ ರಾತ್ರಿ ಬಂದು ಮಸಿಯ ಸೀಸೆ ಎಸೆದು ಹೋದರು. ಇವತ್ತು ಮೂಲ ಶಿಲ್ಪವನ್ನು ಓರ್ಸೆ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಇಲ್ಲಿರುವುದು ಅದರ ನಕಲು, ಅದರ ಮುಂದೆ ನಿಂತು ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ತಮ್ಮ ಈ ಕಥೆ ಹೇಳಿದಾಗ ಮಗಳು ನನ್ನ ಮುಖವನ್ನೇ ನೋಡಿದಳು. ನಾನು ಕಾಣದವಳಂತೆ ಒಳಗೆ ನಡೆದೆ.

ಒಳಗೆ ಅಮೃತಶಿಲೆಯ ಮಹಾಸೋಪಾನ. ನಮ್ಮದು ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಅಗ್ಗದ ಸಾಲು. ಕತ್ತು ಚಾಚಿದರೆ ಮುಕ್ಕಾಲು ವೇದಿಕೆ ಕಾಣುತ್ತಿತ್ತು. ಕೆಳಗೆ ಕೆಂಪು ಮಖಮಲ್ಲಿನ ಕುರ್ಚಿಗಳು ಕುದುರೆಲಾಳದ ಆಕಾರದಲ್ಲಿ ಹರಡಿಕೊಂಡಿದ್ದವು. ಒಟ್ಟು ಸುಮಾರು ಎರಡು ಸಾವಿರ ಆಸನ. ತಲೆಯ ಮೇಲೆ ಮಾರ್ಕ್ ಶಗಾಲ್ ಬಿಡಿಸಿದ ಚಾವಣಿ. ನೀಲಿ, ಹಳದಿ, ಕೆಂಪಿನಲ್ಲಿ ತೇಲುವ ಆಕೃತಿಗಳು. 1964ರಲ್ಲಿ ಇದು ಬಂದಾಗಲೂ ಹಳೆಯ ಅರಮನೆಗೆ ಹೊಸ ಬಣ್ಣವೇಕೆಂದು ಗದ್ದಲವಾಗಿತ್ತಂತೆ. ಆದರೆ ಹಿಂದಿನ ಚಿತ್ರವನ್ನು ಅಳಿಸಿಲ್ಲ. ಶಗಾಲ್‌ನ ಚಿತ್ರ ಬೇರೆ ಹಲಗೆಗಳ ಮೇಲಿದೆ. ಲೆನೆಪ್ವೆ ಎಂಬಾತ ಬಿಡಿಸಿದ ಹಳೆಯ ಚಾವಣಿ ಅದರ ಹಿಂದೆ ಹಾಗೆಯೇ ಇದೆ.

ವೇದಿಕೆಗೆ ಮಣ್ಣು ಬಂತು

ಕಾರ್ಯಕ್ರಮದ ಹಾಳೆ ನೋಡಿ ನನಗೆ ನಿರಾಸೆಯಾಯಿತು. ಹಂಸಗಳಿಲ್ಲ, ರಾಜಕುಮಾರನಿಲ್ಲ. ಒಂದೇ ಸಂಜೆ ಮೂರು ಕೃತಿಗಳು. ಮೊದಲನೆಯದು ಬಾಲಂಚೀನ್ 1957ರಲ್ಲಿ ನ್ಯೂಯಾರ್ಕಿನಲ್ಲಿ ಸಂಯೋಜಿಸಿದ ‘ಅಗಾನ್’. ಹನ್ನೆರಡು ಮಂದಿ ಅಭ್ಯಾಸದ ಕಪ್ಪು ಬಿಳುಪು ಉಡುಪಿನಲ್ಲೇ ಬಂದು, ಕಥೆಯಿಲ್ಲದೆ, ಲೆಕ್ಕದ ಹಾಗೆ ನಿಖರವಾಗಿ ಕುಣಿದರು. ಎರಡನೆಯದು ಜಪಾನಿನ ತೇಶಿಗವಾರ ಆಗಷ್ಟೇ ಮಾಡಿದ್ದ ಹೊಸ ಕೃತಿ, ‘ಗ್ರಾಂ ಮಿರ್ವಾರ್’. ಅದರಲ್ಲಿ ನನಗೆ ಆಕಳಿಕೆ ಬಂತು, ಸುಳ್ಳು ಹೇಳುವುದಿಲ್ಲ.

ಮಧ್ಯಂತರದಲ್ಲಿ ಕೆಲಸಗಾರರು ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ತಳ್ಳಿಕೊಂಡು ಬಂದು ವೇದಿಕೆಯ ತುಂಬ ಕಪ್ಪು ಮಣ್ಣು ಸುರಿದರು. ಹೊಲಕ್ಕೆ ಗೊಬ್ಬರ ಹರಡುವವರಂತೆ ಸಮನಾಗಿ ಹರಡಿದರು. ಆಮೇಲೆ ನಡೆದದ್ದು ಜರ್ಮನಿಯ ಪೀನಾ ಬಾಷ್ 1975ರಲ್ಲಿ ಮಾಡಿದ, ಈ ತಂಡ 1997ರಲ್ಲಿ ಕಲಿತುಕೊಂಡ ‘ವಸಂತದ ಬಲಿ’. ಸಂಗೀತ ಸ್ಟ್ರಾವಿನ್‌ಸ್ಕಿಯದು. ತೆಳುವಾದ ಉಡುಪಿನ ಹುಡುಗಿಯರ ಕೈಯಿಂದ ಕೈಗೆ ಒಂದು ಕೆಂಪು ಬಟ್ಟೆ ದಾಟುತ್ತದೆ. ಅದು ಯಾರ ಪಾಲಿಗೆ ಬರುತ್ತದೋ ಅವಳು ಸಾಯುವವರೆಗೆ ಕುಣಿಯಬೇಕು. ಯಾರಿಗೂ ಬೇಡ, ಎಲ್ಲರಿಗೂ ಭಯ. ಬರಿಗಾಲು, ಬೆವರಿಗೆ ಅಂಟಿದ ಮಣ್ಣು, ಸಾಲಿನ ತುದಿಯವರೆಗೆ ಕೇಳಿಸುವ ಉಸಿರು. ಕೊನೆಯಲ್ಲಿ ಆ ಹುಡುಗಿ ಮಣ್ಣಿಗೆ ಬಿದ್ದಾಗ ಮಗಳ ಕೈ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿತ್ತು. ಅವಳು ಅಳುತ್ತಿದ್ದಳು.

ಮೆಟ್ರೊದಲ್ಲಿ ನಾನು ಸೋಲೊಪ್ಪಲಿಲ್ಲ. “ಚೆನ್ನಾಗಿತ್ತು ಕಣೆ, ಇಲ್ಲವೆನ್ನುವುದಿಲ್ಲ. ಆದರೆ ಮುನ್ನೂರು ವರ್ಷದ ಸಂಸ್ಥೆ, ಬೆರಳ ತುದಿಯ ಮೇಲೆ ನಿಲ್ಲುವುದನ್ನು ಮಕ್ಕಳಿಗೆ ಎಳವೆಯಿಂದ ಕಲಿಸಿ, ಕೊನೆಗೆ ಮಣ್ಣಿನಲ್ಲಿ ಹೊರಳಾಡಿಸುವುದೇ?” ಎಂದೆ.

“ಬೆರಳ ಮೇಲೆ ನಿಲ್ಲುವುದನ್ನು ಕಲಿತವರಾದ್ದರಿಂದಲೇ ಹಾಗೆ ಬೀಳಲು ಬಂತಮ್ಮ” ಎಂದಳು. ಮಾವ ಅವಳ ಪರ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಪುಟ್ಟ ಇಲಿಗಳ ಶಾಲೆ

ನನ್ನ ತಕರಾರು ನನ್ನೊಬ್ಬಳದಲ್ಲ. ಪ್ಯಾರಿಸ್ಸಿನ ಬ್ಯಾಲೆ ಪ್ರಿಯರಲ್ಲಿ ಇದು ಹಳೆಯ ವ್ಯಾಜ್ಯ. ಹದಿನಾಲ್ಕನೆಯ ಲೂಯಿ ದೊರೆ 1661ರಲ್ಲಿ ನೃತ್ಯದ ಅಕಾಡೆಮಿ ತೆರೆದ. 1713ರಲ್ಲಿ ಶಾಲೆ ಬಂತು. ಆ ಶಾಲೆ 1987ರಿಂದ ನಗರದ ಹೊರವಲಯದ ನಾಂತೇರ್‌ನಲ್ಲಿದೆ. ಮಕ್ಕಳು ಎಂಟು ಒಂಬತ್ತರ ವಯಸ್ಸಿಗೇ ಸೇರುತ್ತಾರೆ. ಬೆಳಿಗ್ಗೆ ಗಣಿತ, ಭಾಷೆ, ವಿಜ್ಞಾನ, ಮಧ್ಯಾಹ್ನ ನೃತ್ಯ. ಅವರಿಗೆ ಅಲ್ಲಿನ ಅಕ್ಕರೆಯ ಹೆಸರು ‘ಪುಟ್ಟ ಇಲಿಗಳು’. ವರ್ಷವರ್ಷವೂ ಪರೀಕ್ಷೆ, ಉಳಿದವರು ಮುಂದಕ್ಕೆ, ಉಳಿದಿಲ್ಲದವರು ಮನೆಗೆ. ತಂಡ ಸೇರಿದ ಮೇಲೂ ಐದು ಮೆಟ್ಟಿಲು. ತುದಿಯಲ್ಲಿರುವುದು ‘ಎತ್ವಾಲ್’, ಅಂದರೆ ನಕ್ಷತ್ರ. ನಲವತ್ತೆರಡಕ್ಕೆ ನಿವೃತ್ತಿ. ಈ ನಿವೃತ್ತಿ ವ್ಯವಸ್ಥೆಗೆ ಕುತ್ತು ಬಂದಾಗ 2019ರ ಡಿಸೆಂಬರ್ 24ರಂದು ನರ್ತಕಿಯರು ಇದೇ ಅರಮನೆಯ ಮುಂದೆ, ಚಳಿಯಲ್ಲಿ, ‘ಸ್ವಾನ್ ಲೇಕ್’ ಕುಣಿದು ಪ್ರತಿಭಟಿಸಿದ್ದರು.

ಇಷ್ಟು ಕಷ್ಟಪಟ್ಟು ಕಲಿತ ವಿದ್ಯೆಯನ್ನು ವರ್ಷದಲ್ಲಿ ಎಷ್ಟು ಸಂಜೆ ಬಳಸಬೇಕು? ಪ್ರಶ್ನೆ ಇರುವುದು ಅಲ್ಲಿಯೇ. 1995ರಿಂದ 2014ರವರೆಗೆ ನಿರ್ದೇಶಕಿಯಾಗಿದ್ದ ಬ್ರಿಜಿತ್ ಲೆಫೆವ್ರ್ ಹೊಸ ಸಂಯೋಜಕರಿಗೆ ಬಾಗಿಲು ಅಗಲವಾಗಿ ತೆರೆದರು. ಹಳೆಯ ಕೃತಿಗಳು ಕಡಿಮೆಯಾದವೆಂದು ಕೆಲವರು ಗೊಣಗಿದರು, ಕಣ್ಣು ತೆರೆಯಿತೆಂದು ಕೆಲವರು ಮೆಚ್ಚಿದರು. ಬೆಂಜಮಿನ್ ಮಿಲ್‌ಪಿಯೇ 2016ರಲ್ಲಿ, ಎರಡು ವರ್ಷ ತುಂಬುವ ಮೊದಲೇ, ಹುದ್ದೆ ಬಿಡುವುದಾಗಿ ಹೇಳಿದರು. ಯಾರು ಬಂದರೂ ಅದೇ ತಕ್ಕಡಿ.

ತಕ್ಕಡಿಯನ್ನು ಸರಿಯಾಗಿ ಹಿಡಿದವರೂ ಇದ್ದರು. 1983ರಿಂದ 1989ರವರೆಗೆ ನಿರ್ದೇಶಕನಾಗಿದ್ದ ರುಡಾಲ್ಫ್ ನುರೆಯೆವ್ ರಷ್ಯದ ಹಳೆಯ ದೊಡ್ಡ ಬ್ಯಾಲೆಗಳನ್ನು ಇಲ್ಲಿ ಮತ್ತೆ ಕಟ್ಟಿದ. ಅದೇ ನುರೆಯೆವ್ 1987ರಲ್ಲಿ ವಿಲಿಯಂ ಫೋರ್ಸೈತ್ ಎಂಬ ಸಂಯೋಜಕನನ್ನು ಕರೆಸಿ, ಬ್ಯಾಲೆಯ ಸಮತೋಲವನ್ನೇ ಅಲುಗಾಡಿಸಿ ನೋಡುವ ಹೊಸ ಕೃತಿ ಮಾಡಿಸಿದ. ಅದರಲ್ಲಿ ಕುಣಿದ ಸಿಲ್ವಿ ಗಿಲೆಮ್, ‘ಸ್ವಾನ್ ಲೇಕ್’ ಆಡಿ ಹತ್ತೊಂಬತ್ತಕ್ಕೇ ನಕ್ಷತ್ರವಾದವಳು. ಕಾಯಿಲೆಯಿಂದ ಸೊರಗಿದ್ದ ನುರೆಯೆವ್ 1992ರ ಅಕ್ಟೋಬರಿನಲ್ಲಿ ಇಲ್ಲೇ ‘ಲಾ ಬಯದೇರ್’ ಎಂಬ, ಭಾರತದ ದೇವದಾಸಿಯ ಕಥೆಯ ಹಳೆಯ ಬ್ಯಾಲೆಯನ್ನು ಕಟ್ಟಿಕೊಟ್ಟು, ಮೂರು ತಿಂಗಳಿಗೆ ತೀರಿಕೊಂಡ.

ಹೋಗಿ ಬಂದ ಜಿಸೆಲ್

ಎರಡನೆಯ ಸಲ ಹೋದದ್ದು 2022ರ ಬೇಸಿಗೆಯಲ್ಲಿ. ಈ ಸಲ ಗಾರ್ನಿಯೇಯಲ್ಲಿ ‘ಜಿಸೆಲ್’. ಮಗಳು ಆಗ ಪದವಿಯ ಎರಡನೆಯ ವರ್ಷದಲ್ಲಿದ್ದಳು. ಸೀನಿಯರ್ ಪರೀಕ್ಷೆ ಮುಗಿದಿತ್ತು. ಭಾನುವಾರ ಕಂಟೆಂಪೊರರಿ ಕ್ಲಾಸಿಗೂ ಹೋಗುತ್ತಿದ್ದಳು. ನಮ್ಮಿಬ್ಬರದು ರಾಜಿಯಲ್ಲ, ಕದನವಿರಾಮ.

ಹಳ್ಳಿಯ ಹುಡುಗಿ ಜಿಸೆಲ್ ಪ್ರೀತಿಯಲ್ಲಿ ಮೋಸಹೋಗಿ, ಬುದ್ಧಿ ಕಲಕಿ ಸಾಯುತ್ತಾಳೆ. ಎರಡನೆಯ ಅಂಕದಲ್ಲಿ ಕಾಡು, ಬೆಳದಿಂಗಳು, ಮದುವೆಗೆ ಮುನ್ನವೇ ಸತ್ತ ಹುಡುಗಿಯರ ಆತ್ಮಗಳು. ಬಿಳಿಯ ಉಡುಪಿನ ಎರಡು ಗುಂಪು, ಹಿಂದಕ್ಕೆ ಚಾಚಿದ ಒಂದು ಕಾಲು, ನಿಂತ ಕಾಲಿನಲ್ಲೇ ಪುಟ್ಟ ಪುಟ್ಟ ಜಿಗಿತ. ಎದುರುಬದುರಾಗಿ ಬಂದ ಸಾಲುಗಳು ಒಂದರೊಳಗೊಂದು ಹಾದುಹೋದಾಗ ಸಭಾಂಗಣವೇ ಉಸಿರು ಬಿಗಿಹಿಡಿದಂತಿತ್ತು. ಗಾರ್ನಿಯೇ ವೇದಿಕೆ ಪ್ರೇಕ್ಷಕರ ಕಡೆಗೆ ಇಳಿಜಾರು, ನೂರಕ್ಕೆ ಐದರಷ್ಟು. ಆ ಇಳಿಜಾರಿನಲ್ಲಿ ಒಬ್ಬಳ ಕಾಲೂ ತಪ್ಪಲಿಲ್ಲ. ಮಗಳನ್ನು ನೋಡಿದೆ. ರೆಪ್ಪೆ ಮುಚ್ಚದೆ ಕೂತಿದ್ದಳು.

ಜಿಸೆಲ್ ಈ ತಂಡದ ಮನೆಮಗಳು. 1841ರಲ್ಲಿ, ಈ ಕಟ್ಟಡ ಹುಟ್ಟುವುದಕ್ಕೂ ಮೊದಲು, ಇದೇ ತಂಡ ಹಳೆಯ ರಂಗಮಂದಿರದಲ್ಲಿ ಅದನ್ನು ಮೊದಲು ಆಡಿತ್ತು. ಕಥೆ ಬರೆದವರಲ್ಲಿ ಒಬ್ಬ ಕವಿ ತಿಯೋಫೀಲ್ ಗೋತಿಯೇ. 1838ರಲ್ಲಿ ಪುದುಚೇರಿ ಸೀಮೆಯಿಂದ ಪ್ಯಾರಿಸ್ಸಿಗೆ ಬಂದ ದೇವದಾಸಿಯರ ನೃತ್ಯ ಕಂಡು, ಅವರಲ್ಲಿನ ಅಮಣಿ ಎಂಬಾಕೆಯನ್ನು ಮನದುಂಬಿ ಮೆಚ್ಚಿ ಬರೆದವನೂ ಇವನೇ. ಆದರೆ ಮುಂದೇನಾಯಿತು ಕೇಳಿ: 1868ರ ನಂತರ ಪ್ಯಾರಿಸ್ ‘ಜಿಸೆಲ್’ ಆಡುವುದನ್ನೇ ಬಿಟ್ಟಿತು. ರುಚಿ ಬದಲಾಗಿತ್ತು. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಆಡುತ್ತಲೇ ಇದ್ದರಾದ್ದರಿಂದ ಅದು ಬದುಕಿತು. 1910ರಲ್ಲಿ ದಿಯಾಗಿಲೆವ್‌ನ ರಷ್ಯನ್ ತಂಡ ಗಾರ್ನಿಯೇಗೇ ಬಂದು ತೋರಿಸಿತು. 1924ರಲ್ಲಿ, ರಷ್ಯದಿಂದ ಬಂದ ಸ್ಪೆಸಿವ್‌ತ್ಸೆವಾ ಎಂಬ ನರ್ತಕಿಗಾಗಿ, ತಂಡ ಅದನ್ನು ಮತ್ತೆ ತನ್ನದಾಗಿಸಿಕೊಂಡಿತು. ತನ್ನ ಮನೆಯ ಮಗುವನ್ನು ಪರರ ಮನೆಯಿಂದ ಕೇಳಿ ತಂದುಕೊಂಡ ಹಾಗೆ.

ಮಧ್ಯಂತರದಲ್ಲೇ ಇದನ್ನು ಮಗಳಿಗೆ ಹೇಳಿದ್ದೆ. “ನೋಡಿದೆಯಾ, ಆಡದಿದ್ದರೆ ಹೋಗುತ್ತದೆ” ಎಂದು ಗೆದ್ದವಳಂತೆ ನಕ್ಕಿದ್ದೆ. ಅವಳು ಉತ್ತರ ಕೊಟ್ಟದ್ದು ಮರುದಿನ, ಮೊಂತೇನ್ ಬೀದಿಯ ಶಾಂಝೆಲೀಜೆ ರಂಗಮಂದಿರದ ಮುಂದೆ ನನ್ನನ್ನು ಕರೆದುಕೊಂಡು ಹೋಗಿ. 1913ರ ಮೇ 29ರಂದು ನಿಜಿನ್‌ಸ್ಕಿಯ ‘ವಸಂತದ ಬಲಿ’ ಕಂಡು ಪ್ರೇಕ್ಷಕರು ಕೂಗಾಡಿ ಗಲಾಟೆ ಮಾಡಿದ ಜಾಗ ಅದು. ಆ ನೃತ್ಯಕ್ಕೆ ಹತ್ತು ಪ್ರದರ್ಶನಗಳೂ ಸಿಗಲಿಲ್ಲ. ಸಂಗೀತ ಕಾಗದದ ಮೇಲಿತ್ತು, ಉಳಿಯಿತು. ನೃತ್ಯ ಮೈಗಳಲ್ಲಿತ್ತು, ಅಳಿಯಿತು. ಚಿತ್ರ, ಟಿಪ್ಪಣಿ, ಮುದುಕರಾದವರ ನೆನಪು ಇವನ್ನೆಲ್ಲ ಹೆಕ್ಕಿ 1987ರಲ್ಲಿ ಅಮೆರಿಕದ ಜಾಫ್ರಿ ತಂಡಕ್ಕಾಗಿ ಅದನ್ನು ಊಹಿಸಿ ಮತ್ತೆ ಕಟ್ಟಬೇಕಾಯಿತು. “ಹೊಸದೂ ಹೀಗೇ ಹೋಗುತ್ತದಮ್ಮ” ಎಂದಳು.

ನನ್ನ ಲೆಕ್ಕ

ಅಂದಿನಿಂದ ನನ್ನ ಅಭಿಪ್ರಾಯ ಒಂದಿಷ್ಟು ಸರಿದಿದೆ, ಪೂರ್ತಿ ಅಲ್ಲ. ಶಾಸ್ತ್ರೀಯ ಕೃತಿಗಳಿಗೆ ವರ್ಷದಲ್ಲಿ ಇಷ್ಟು ಸಂಜೆಗಳೆಂದು ಖಾಯಂ ಪಾಲು ಇರಲೇಬೇಕೆಂದು ಈಗಲೂ ಹೇಳುತ್ತೇನೆ. ಟಿಕೆಟ್ ಮಾರಾಟಕ್ಕಾಗಿ ಅಲ್ಲ. ಎರಡು ಸಾಲು ಆತ್ಮಗಳು ಒಂದೇ ಉಸಿರಿನಲ್ಲಿ ಜಿಗಿಯುವುದು ವೀಡಿಯೊ ನೋಡಿ ಬರುವುದಿಲ್ಲ. ಹೋದ ವರ್ಷ ಕುಣಿದವಳು ಈ ವರ್ಷದವಳಿಗೆ ಪಕ್ಕದಲ್ಲಿ ನಿಂತು ಹೇಳಿಕೊಡಬೇಕು. ನಲವತ್ತೆರಡಕ್ಕೆ ನಿವೃತ್ತಿಯಾಗುವ ಕಸುಬಿನಲ್ಲಿ ಹತ್ತು ವರ್ಷ ಆಡದೆ ಬಿಟ್ಟರೆ ಹೇಳಿಕೊಡುವವರೇ ಇರುವುದಿಲ್ಲ. ಹೊಸ ಕೃತಿಗಳ ಬಗ್ಗೆ ನನ್ನ ತಕರಾರು ಈಗ ಬೇರೆ. ಅವು ಹೆಚ್ಚಾದವೆಂದಲ್ಲ, ಒಂದು ಋತು ಆಡಿಸಿ ಮೂಲೆಗೆ ಸೇರಿಸುವುದು ಹೆಚ್ಚಾಯಿತೆಂದು. ಪೀನಾ ಬಾಷ್‌ಳ ಮಣ್ಣಿನ ನೃತ್ಯ ನನ್ನನ್ನು ತಟ್ಟಿದ್ದಕ್ಕೆ ಇಪ್ಪತ್ತು ವರ್ಷ ಈ ತಂಡ ಅದನ್ನು ಮತ್ತೆ ಮತ್ತೆ ಆಡಿದ್ದೂ ಕಾರಣ. ಆ ದಿನ ಆಕಳಿಸಿದ ಕೃತಿಯನ್ನೂ ಇನ್ನೊಮ್ಮೆ ನೋಡಬೇಕೇನೋ.

ನಮ್ಮಲ್ಲೂ ಈ ಮಾತು ಹೊಸದಲ್ಲ. ಕಥಕ್ ಕಲಿತ ಬೆಂಗಳೂರಿನ ಮಾಯಾ ರಾವ್ 1960ರ ದಶಕದಲ್ಲೇ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆ ಓದಿ ಬಂದರು. 1987ರಲ್ಲಿ ತಮ್ಮ ಸಂಸ್ಥೆಯನ್ನು ಬೆಂಗಳೂರಿಗೆ ತಂದು ಮಕ್ಕಳಿಗೆ ಅದನ್ನು ಕಲಿಸಿದರು. ಅವರು ಕಥಕ್ ಬಿಡಲಿಲ್ಲ. ಮಗಳು ‘ಹೊಸದು’ ಎಂದೊಡನೆ ‘ಹಳೆಯದು ಕೈಬಿಟ್ಟಿತು’ ಎಂದು ಹೆದರುವ ನನ್ನಂಥ ತಾಯಂದಿರು ಇದನ್ನು ನೆನಪಿಡಬೇಕು. ಅಡವು ಸಾಕು ಎನ್ನುವ ಮಕ್ಕಳು ಆ ಇಳಿಜಾರು ವೇದಿಕೆಯನ್ನು ನೆನಪಿಡಬೇಕು.

ಪ್ಯಾರಿಸ್ಸಿನಿಂದ ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆ ತುಂಬುತ್ತಾ ಕೇಳಿದೆ: “ವಿದ್ವತ್ ಪರೀಕ್ಷೆಗೆ ಕೂರುತ್ತೀಯಾ?”

“ಕೂರುತ್ತೇನೆ. ಭಾನುವಾರದ ಕ್ಲಾಸ್ ಬಿಡಲ್ಲ.”

“ಬಿಡು ಅಂದವರು ಯಾರು?” ಎಂದೆ. ತಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದ. “ಅಕ್ಕ, ನಾಳೆ ವಿಮಾನ ಸಂಜೆಗೆ. ಬೆಳಿಗ್ಗೆ ಐಫೆಲ್‌ಗೆ ಹೋಗೋಣವಾ?” ಎಂದ. ನಾವಿಬ್ಬರೂ ಒಟ್ಟಿಗೆ ಬೇಡವೆಂದೆವು. ಓರ್ಸೆಯಲ್ಲಿ ಆ ಮಸಿ ಬಿದ್ದ ಶಿಲ್ಪದ ಮೂಲವನ್ನು ನೋಡುವುದು ಬಾಕಿಯಿತ್ತು.