ಹಳಿಯಿಲ್ಲದ ದಾರಿ

ದಾರಿಯೆಂಬುದು ಮೊದಲು ಕಾಲಿನದು, ಆಮೇಲೆ ಎತ್ತಿನದು, ಕುದುರೆಯದು, ಕಟ್ಟಕಡೆಗೆ ಯಂತ್ರದ್ದಾಯಿತು. ಯಂತ್ರವು ಬಂದ ಮೇಲೆ ಉಳಿದವರೆಲ್ಲ ಅಂಚಿಗೆ ಸರಿದು ನಿಲ್ಲಬೇಕಾಯಿತು. ಅದರಲ್ಲಿಯೂ ಬೈಸಿಕಲ್ ಸವಾರನ ಪಾಡು ವಿಚಿತ್ರವಾದುದು. ನಡೆಯುವವರ ಪಂಕ್ತಿಗೂ ಅವನು ಸೇರಿದವನಲ್ಲ, ಮೋಟಾರಿನವರ ಪಂಕ್ತಿಗೂ ಸೇರಿದವನಲ್ಲ. ಒಬ್ಬರಿಗೆ ಅವನು ಅಡ್ಡಿ; ಇನ್ನೊಬ್ಬರಿಗೆ ಅವನು ಕಾಣಿಸುವುದೇ ಇಲ್ಲ.

ಮಂಡ್ಯದ ಕಡೆಯ ಉಪಾಧ್ಯಾಯರೊಬ್ಬರು ಮೂವತ್ತೊಂದು ವರ್ಷ ತಮ್ಮ ಶಾಲೆಗೆ ಬೈಸಿಕಲ್ಲಿನ ಮೇಲೆಯೇ ಹೋಗಿಬಂದವರು. ನಿವೃತ್ತರಾದ ಮೇಲೂ ಪೇಟೆಗೆ, ತೋಟಕ್ಕೆ, ನೆಂಟರ ಮನೆಗೆ ಅದೇ ವಾಹನ. ಒಂದು ಸಂಜೆ ಹೆದ್ದಾರಿಯಲ್ಲಿ ಲಾರಿಯೊಂದು ಅವರ ಭುಜವನ್ನು ಒರಸಿಕೊಂಡಂತೆ ಹಾದುಹೋಯಿತು. ಮೇಷ್ಟ್ರು ಪಕ್ಕದ ಹಳ್ಳಕ್ಕೆ ಬಿದ್ದರು. ಮೊಣಕೈ ತರಚಿದುದನ್ನು ಬಿಟ್ಟರೆ ಮೈಗೆ ಪೆಟ್ಟಾಗಲಿಲ್ಲ. ಪೆಟ್ಟಾದುದು ಬೇರೆ ಕಡೆ. ಮರುದಿನ ಬೈಸಿಕಲ್ಲು ಹಿತ್ತಲ ಕೊಟ್ಟಿಗೆಯ ಗೋಡೆಗೆ ಒರಗಿತು, ಅದರ ಮೇಲೊಂದು ಗೋಣಿಚೀಲ ಬಿದ್ದಿತು. ಕೇಳಿದವರಿಗೆಲ್ಲ ಅವರು ಹೇಳಿದುದು ಮಂಡಿನೋವೆಂದು. ಮನೆಯವರು ಎಣ್ಣೆ ತಿಕ್ಕಿದರು. ವೈದ್ಯರು ಮಾತ್ರೆ ಕೊಟ್ಟರು. ಇಲ್ಲದ ನೋವಿಗೆ ಎಂಟು ವರ್ಷ ಚಿಕಿತ್ಸೆ ನಡೆಯಿತು.

ಅವರ ಮಗಳಿರುವುದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಡ್ಯುನೀಡಿನ್ ನಗರದಲ್ಲಿ. ಒಂದು ನವೆಂಬರಿನಲ್ಲಿ ಮೇಷ್ಟ್ರು ಅಲ್ಲಿಗೆ ಹೋಗಿದ್ದಾಗ ಆಕೆ, “ಅಪ್ಪ, ನಾಲ್ಕು ದಿನ ಬೈಸಿಕಲ್ ಮೇಲೆ ಹೋಗಿಬರೋಣ, ನಿಮ್ಮ ಮಂಡಿಗೆ ಭಾರವಾಗದ ದಾರಿ” ಎಂದಳು.

“ಈ ವಯಸ್ಸಿನಲ್ಲಿ ರಸ್ತೆಯ ಮೇಲೆ ನನಗೇಕಮ್ಮ ಅದೆಲ್ಲ?”

“ರಸ್ತೆಯಲ್ಲ ಅಪ್ಪ. ಅಲ್ಲಿ ಮೋಟಾರು ಬರುವುದೇ ಇಲ್ಲ.”

“ಮೋಟಾರು ಬಾರದ ದಾರಿಯನ್ನು ಯಾರು ಮಾಡಿಸಿಯಾರು?”

“ಯಾರೂ ಮಾಡಿಸಲಿಲ್ಲ. ರೈಲು ಬಿಟ್ಟುಹೋದದ್ದು.”

ಮಾತು ನಿಜ. ಒಟಾಗೊ ಪ್ರಾಂತದ ಒಳನಾಡಿನಲ್ಲಿ, ಈಗ ಕ್ಲೈಡ್ ಎನ್ನುವ ಊರಿನ ಬಳಿ, 1862ರಲ್ಲಿ ಚಿನ್ನ ಸಿಕ್ಕಿತು. ಚಿನ್ನದ ಹಿಂದೆ ಜನ, ಜನದ ಹಿಂದೆ ಕುರಿ, ಕುರಿಯ ಹಿಂದೆ ರೈಲು. 1879ರಲ್ಲಿ ಆರಂಭವಾದ ಕಬ್ಬಿಣದ ಹಾದಿ 1891ರಲ್ಲಿ ಮಿಡಲ್‌ಮಾರ್ಚನ್ನೂ 1907ರಲ್ಲಿ ಕ್ಲೈಡನ್ನೂ 1921ರಲ್ಲಿ ಕ್ರಾಂವೆಲ್ಲನ್ನೂ ಮುಟ್ಟಿತು. ಗಟ್ಟಿ ಬಂಡೆಯನ್ನು ಒಡೆದು, ಕಮರಿಗಳಿಗೆ ಸೇತುವೆ ಕಟ್ಟಿ, ನಲವತ್ತು ವರ್ಷ ಮೀರಿ ದುಡಿದು ಮಾಡಿದ ಕೆಲಸವದು. ಆದರೆ ಲಾರಿಗಳು ಬಂದುವು. ಸರಕು ರಸ್ತೆಗೆ ಹೋಯಿತು. 1990ರಲ್ಲಿ ಮಿಡಲ್‌ಮಾರ್ಚಿನಿಂದ ಆಚೆಗೆ ರೈಲು ನಿಂತುಹೋಯಿತು. ಹಳಿಗಳನ್ನು ಕಿತ್ತರು. 1993ರಲ್ಲಿ ಆ ದೇಶದ ನಿಸರ್ಗ ಸಂರಕ್ಷಣಾ ಇಲಾಖೆಯವರು ಬರಿದಾದ ದಿಬ್ಬವನ್ನು ವಹಿಸಿಕೊಂಡು, ಸೇತುವೆಗಳಿಗೆ ಹಲಗೆ ಹಾಸಿ, ಸಣ್ಣ ಜಲ್ಲಿ ಹರಡಿ, 2000ದಲ್ಲಿ ಕ್ಲೈಡಿನಿಂದ ಮಿಡಲ್‌ಮಾರ್ಚಿನವರೆಗೆ 152 ಕಿಲೋಮೀಟರಿನಷ್ಟನ್ನೂ ಕಾಲುನಡೆಯವರಿಗೂ ಕುದುರೆಯವರಿಗೂ ಬೈಸಿಕಲ್ಲಿನವರಿಗೂ ಬಿಟ್ಟುಕೊಟ್ಟರು. ಲಾರಿಯು ರೈಲನ್ನು ಓಡಿಸಿತು. ರೈಲು ಹೋಗುವಾಗ ತನ್ನ ಆಸ್ತಿಯನ್ನು ಬೈಸಿಕಲ್ಲಿಗೆ ಬರೆದಿಟ್ಟಿತು. ಲೋಕದಲ್ಲಿ ನ್ಯಾಯವು ಹೀಗೆಯೂ ಒಮ್ಮೊಮ್ಮೆ ಸುತ್ತಿ ಬರುವುದುಂಟು.

ಕ್ಲೈಡಿನಲ್ಲಿ ಮೊದಲ ಬೆಳಗ್ಗೆ ಮೇಷ್ಟ್ರು ಬಾಡಿಗೆಯ ಬೈಸಿಕಲ್ಲನ್ನು ಹಿಡಿದು ಬಹಳ ಹೊತ್ತು ನಿಂತಿದ್ದರು. ಹತ್ತಿದ ಮೇಲೂ ಘಳಿಗೆಗೊಮ್ಮೆ ಕುತ್ತಿಗೆ ಹಿಂದಕ್ಕೆ ತಿರುಗುತ್ತಿತ್ತು. ಹಿಂದೆ ಏನಿದೆ? ಕಾಡು ಥೈಮ್ ಗಿಡಗಳ ನೇರಿಳೆ ಬಣ್ಣದ ಹೂವು, ಅದರ ಮೇಲೆ ಜೇನುನೊಣಗಳ ಝೇಂಕಾರ, ಅದರಾಚೆಗೆ ಒಣಗಿದ ಹೊಂಬಣ್ಣದ ಹುಲ್ಲು. ಮಳೆ ಕಡಿಮೆಯಾದ ಆ ನಾಡಿನಲ್ಲಿ ಮರಗಳು ವಿರಳ. ಆದುದರಿಂದ ಬೆಟ್ಟಗಳು ಮುಚ್ಚುಮರೆಯಿಲ್ಲದೆ, ಮಡಿಕೆ ಬಿದ್ದ ಕಂಬಳಿಯಂತೆ ಕಾಣುತ್ತವೆ. ಅಲ್ಲಲ್ಲಿ ದಾರಿಯು ರಸ್ತೆಯೊಂದನ್ನು ಅಡ್ಡ ದಾಟುತ್ತದೆ, ಅಷ್ಟೆ. ಮತ್ತೆ ಬೇಲಿಯ ಬಾಗಿಲು, ಕುರಿಗಳು, ಮೌನ.

ಮಂಡಿಗೆ ಭಾರವಾಗದೆಂದು ಮಗಳು ಹೇಳಿದುದಕ್ಕೆ ಕಾರಣವುಂಟು. ಉಗಿಯಂತ್ರವು ಎಷ್ಟೇ ಬಲಶಾಲಿಯಾದರೂ ಕಡಿದಾದ ಏರನ್ನು ಹತ್ತಲಾರದು. ನುಣುಪಾದ ಹಳಿಯ ಮೇಲೆ ಅದರ ಗಾಲಿ ಜಾರುತ್ತದೆ. ಆದುದರಿಂದ ಈ ದಾರಿಯ ಏರು ಐವತ್ತಡಿಗೆ ಒಂದಡಿಯನ್ನು ಮೀರದಂತೆ ಬೆಟ್ಟವನ್ನು ಬಳಸಿಕೊಂಡು ಹೋಗುವ ಹಾಗೆ ಕಟ್ಟಿದರು. ನೂರಾರು ಟನ್ ಭಾರಕ್ಕೆಂದು ತೋರಿದ ಆ ದಯೆ ಈಗ ಒಬ್ಬ ಮುದುಕನ ಮೊಣಕಾಲಿಗೆ ಒದಗಿತು.

ಎರಡನೆಯ ದಿನ ಪೂಲ್‌ಬರ್ನ್ ಕಮರಿ. ಅಲ್ಲಿ ನೆಲದಿಂದ 37 ಮೀಟರ್ ಎತ್ತರದಲ್ಲಿ ಕಲ್ಲುಕಂಬಗಳ ಸೇತುವೆ, ಎರಡು ಸುರಂಗಗಳು. ಸುರಂಗವು ಬಾಗಿರುವುದರಿಂದ ಒಳಹೊಕ್ಕ ಮೇಲೆ ಕೈದೀಪವಿಲ್ಲದೆ ಹೆಜ್ಜೆ ಸಾಗದು. ಕತ್ತಲೆಯಲ್ಲಿ ಬೈಸಿಕಲ್ಲನ್ನು ತಳ್ಳಿಕೊಂಡು ಹೋಗುವಾಗ ಮೇಷ್ಟ್ರು, ಹಿಂದಿನಿಂದ ಏನೂ ಬರುವಂತಿಲ್ಲವೆಂಬುದನ್ನು ಬುದ್ಧಿಯಿಂದಲ್ಲದೆ ಬೆನ್ನಿನಿಂದಲೇ ಅರಿತವರಂತೆ, ಮೊದಲ ಬಾರಿಗೆ ತಿರುಗಿ ನೋಡದೆ ಈಚೆಗೆ ಬಂದರು.

ಮುಂದೆ ಒಟುರೇಹುವ ಎಂಬ ಪುಟ್ಟ ಊರು. ಅಲ್ಲಿ ಅರ್ನೆಸ್ಟ್ ಹೇಯ್ಸ್ ಎಂಬಾತನು 1895ರಲ್ಲಿ ಆರಂಭಿಸಿದ ಕಾರ್ಖಾನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಬೇಲಿಯ ತಂತಿಯನ್ನು ಬಿಗಿಯುವ ಆತನ ಸಾಧನವು ಹೆಸರಾದುದು. ಆದರೆ ಮೇಷ್ಟ್ರ ಮನಸ್ಸಿನಲ್ಲಿ ನಿಂತವಳು ಆತನ ಹೆಂಡತಿ ಹ್ಯಾನ. ಗಂಡ ಮಾಡಿದ ಸಾಮಾನನ್ನು ಮಾರುವುದಕ್ಕಾಗಿ ಆ ತುಂಬು ಸಂಸಾರದ ತಾಯಿ ಬೈಸಿಕಲ್ ಏರಿ, ಸರಿಯಾದ ರಸ್ತೆಯಿಲ್ಲದ ಸೀಮೆಯಲ್ಲಿ ಹೊಲದಿಂದ ಹೊಲಕ್ಕೆ, ಒಮ್ಮೊಮ್ಮೆ ದಿನಗಟ್ಟಲೆ ತಿರುಗಿದಳು. “ಆಕೆಗೆ ಮಂಡಿನೋವು ಬಂದಿದ್ದರೆ ಏನು ಗತಿ!” ಎಂದು ಮಗಳು ನಕ್ಕಳು. ಮೇಷ್ಟ್ರು ನಗಲಿಲ್ಲ.

ಹಳಿ ಕಿತ್ತ ಕಾಲದಲ್ಲಿ ಅಕ್ಕಪಕ್ಕದ ಒಕ್ಕಲಿಗರಲ್ಲಿ ಹಲವರು ಈ ದಾರಿಯನ್ನು ಒಪ್ಪಿರಲಿಲ್ಲ. ಅಪರಿಚಿತರು ಹೊಲದ ನಡುವೆ ಓಡಾಡಿದರೆ ಕುರಿಯ ಗತಿಯೇನು, ಬಾಗಿಲು ಮುಚ್ಚುವವರಾರು ಎಂಬುದು ಅವರ ಚಿಂತೆ. ಚಿಂತೆ ಸುಳ್ಳಲ್ಲ. ಆದರೆ ಬೈಸಿಕಲ್ಲಿನವನಿಗೆ ಹಸಿವು ಹೆಚ್ಚು, ವೇಗ ಕಡಿಮೆ. ಅವನು ಪ್ರತಿ ಊರಿನಲ್ಲಿಯೂ ಇಳಿಯಲೇಬೇಕು. ರೈಲು ಹೋದಮೇಲೆ ಸೊರಗುತ್ತಿದ್ದ ಊರುಗಳಲ್ಲಿ ಹಳೆಯ ಹೋಟೆಲುಗಳು ಮತ್ತೆ ಒಲೆ ಹಚ್ಚಿದುವು. ಕುರಿ ಸಾಕುವ ಮನೆಯವರೂ ತಂಗುವವರಿಗೆ ಕೋಣೆ ಕೊಡತೊಡಗಿದರು. ವೇಗವಾಗಿ ಹಾದುಹೋಗುವವನು ಊರಿಗೆ ಬಿಡುವುದು ಧೂಳನ್ನು. ನಿಧಾನವಾಗಿ ಹೋಗುವವನು ಬಿಡುವುದು ನಾಲ್ಕು ಕಾಸನ್ನು, ನಾಲ್ಕು ಮಾತನ್ನು.

ವೆಡರ್‌ಬರ್ನ್ ಬಳಿ 618 ಮೀಟರ್ ಎತ್ತರದ ನೆತ್ತಿಯನ್ನು ದಾಟಿ, ರಾನ್‌ಫರ್ಲಿಯಲ್ಲಿ ತಂಗಿ, ನಾಲ್ಕನೆಯ ದಿನ ಅವರು ಹೈಡ್ ಎಂಬ ಊರನ್ನು ದಾಟಿದರು. ಅಲ್ಲಿಂದಾಚೆಗೆ ದಿಬ್ಬವನ್ನು ಕಡಿದು ಮಾಡಿದ ತಿರುವೊಂದುಂಟು. 1943ನೆಯ ಜೂನ್ 4ರಂದು ಡ್ಯುನೀಡಿನ್ನಿಗೆ ಹೋಗುತ್ತಿದ್ದ ಪ್ರಯಾಣಿಕರ ರೈಲು ಈ ತಿರುವಿನಲ್ಲಿ ಮಿತಿಮೀರಿದ ವೇಗದಿಂದ ಬಂದು ಹಳಿ ತಪ್ಪಿತು. 21 ಮಂದಿ ಸತ್ತರು. 47 ಮಂದಿಗೆ ಗಾಯವಾಯಿತು. ರೈಲು ನಡೆಸುತ್ತಿದ್ದವನು ಕುಡಿದಿದ್ದನೆಂದು ವಿಚಾರಣೆಯಲ್ಲಿ ತಿಳಿದುಬಂದು ಅವನಿಗೆ ಶಿಕ್ಷೆಯಾಯಿತು. ಸತ್ತವರ ನೆನಪಿಗೆ ಅಲ್ಲಿ ಕಲ್ಲುಗಳ ಗುಡ್ಡೆಯೊಂದನ್ನು ನಿಲ್ಲಿಸಿದ್ದಾರೆ.

ಮೇಷ್ಟ್ರು ಅದರ ಮುಂದೆ ನಿಂತರು. ಈ ಶಾಂತವಾದ ದಾರಿಯೂ ಒಂದು ಕಾಲಕ್ಕೆ ವೇಗದ ದಾರಿಯಾಗಿತ್ತು. ಇಲ್ಲಿಯೂ ಯಾರದೋ ಕೈಯ ಒಂದು ಅಜಾಗ್ರತೆಗೆ ಇತರರ ಪ್ರಾಣ ಹೋಗಿತ್ತು. ಭಯವೆಂಬುದು ಹೇಡಿಗಳಿಗೆ ಮಾತ್ರ ಮೀಸಲಾದುದಲ್ಲ, ಅದಕ್ಕೂ ಒಂದು ಕಾರಣವುಂಟು, ಒಂದು ಮರ್ಯಾದೆಯುಂಟು ಎಂದು ಅವರಿಗೆ ತೋರಿತು.

“ಮಗು, ನನಗೆ ಮಂಡಿನೋವು ಎಂದೂ ಇರಲಿಲ್ಲ” ಎಂದರು.

ಮಗಳು ಅವರ ಮುಖವನ್ನು ನೋಡಿದಳು. “ಗೊತ್ತು ಅಪ್ಪ. ನಿನ್ನೆ ನೆತ್ತಿಯ ಏರಿನಲ್ಲಿ ನನಗಿಂತ ಮುಂದೆ ಹೋದಿರಲ್ಲ.”

ಲಾರಿಯ ಕಥೆಯನ್ನು ಅವರು ಅಲ್ಲಿಯೇ ಹೇಳಿದರು. ಎಂಟು ವರ್ಷ ಹೊತ್ತ ಮಾತು ಎಂಟು ನಿಮಿಷದಲ್ಲಿ ಮುಗಿಯಿತು. ಮಿಡಲ್‌ಮಾರ್ಚಿನವರೆಗೆ ಉಳಿದ ದಾರಿಯನ್ನು ಇಬ್ಬರೂ ಅಕ್ಕಪಕ್ಕದಲ್ಲಿ, ಹೆಚ್ಚು ಮಾತಿಲ್ಲದೆ ಸಾಗಿದರು.

ಊರಿಗೆ ಮರಳಿದ ಮೇಲೆ ಹೆದ್ದಾರಿಯು ಬದಲಾಗಿರಲಿಲ್ಲ; ಮೇಷ್ಟ್ರೂ ಧೀರರಾಗಿ ಬದಲಾಗಿರಲಿಲ್ಲ. ಹೆದ್ದಾರಿಗೆ ಅವರು ಇಂದಿಗೂ ಹೋಗುವುದಿಲ್ಲ. ಆದರೆ ಗೋಣಿಚೀಲವನ್ನು ತೆಗೆದು, ಟೈರು ಹಾಕಿಸಿ, ಸರಪಣಿಗೆ ಎಣ್ಣೆ ಬಿಟ್ಟಿದ್ದಾರೆ. ನಸುಕಿನಲ್ಲಿ ನಾಲೆಯ ಏರಿಯ ಮೇಲೆ, ಕಬ್ಬಿನ ಗದ್ದೆಗಳ ಪಕ್ಕದಲ್ಲಿ, ಗಂಟೆಯ ಸದ್ದೊಂದು ಕೇಳಿಸುತ್ತದೆ. ನೀರಿಗೆ ಬಂದ ಹೆಂಗಸರು, “ಮೇಷ್ಟ್ರೇ, ಮಂಡಿನೋವು ಹೋಯಿತೆ?” ಎಂದು ಕೇಳುತ್ತಾರೆ. “ಹೋಯಿತಮ್ಮ” ಎಂದು ಹೇಳಿ ಅವರು ಮುಂದೆ ಸಾಗುತ್ತಾರೆ.